ಅಮೆರಿಕದ ಬುಡಕಟ್ಟು ರಿಸರ್ವೇಶನ್‌ನಲ್ಲಿ ಜಿಂಕೆ ಬೇಟೆ: ಮೊದಲು ಜಮೀನು ಯಾರದ್ದು ನೋಡಿ, ಆಮೇಲೆ ಲೈಸೆನ್ಸ್

"ರಾಜ್ಯದ ಲೈಸೆನ್ಸ್ ಇದೆ, ರಿಸರ್ವೇಶನ್ ಒಳಗೆ ನಡೆಯುತ್ತಾ?" ಅಮೆರಿಕದಲ್ಲಿ ಜಿಂಕೆ ಬೇಟೆಗೆ ಹೊರಟವರು ಕೇಳೋದು ಇದನ್ನೇ. (ರಿಸರ್ವೇಶನ್ ಅಂದರೆ ಅಲ್ಲಿನ ಮೂಲನಿವಾಸಿ ಬುಡಕಟ್ಟಿಗೆ, ಅಂದರೆ ಟ್ರೈಬ್‌ಗೆ, ಮೀಸಲಾದ ಪ್ರದೇಶ.) ಕೇಳಬೇಕಾದ್ದು ಬೇರೆ: ನೀವು ನಿಲ್ಲೋ ಆ ತುಂಡು ನೆಲದ ಹಕ್ಕುಪತ್ರ ಯಾರ ಹೆಸರಲ್ಲಿದೆ?

ನಕಾಶೆಯಲ್ಲಿ ಕಾಣೋ ಗೆರೆಯೊಳಗೆ ಎಲ್ಲ ಜಮೀನೂ ಒಂದೇ ಥರ ಅಲ್ಲ. ಬುಡಕಟ್ಟಿಗಾಗಿ ಫೆಡರಲ್ ಸರ್ಕಾರ ಇಟ್ಟುಕೊಂಡಿರೋದು ಟ್ರಸ್ಟ್ ಭೂಮಿ. ವ್ಯಕ್ತಿಗಳಿಗೆ ಹಂಚಿದ್ದು ಅಲಾಟ್‌ಮೆಂಟ್. ಯಾರು ಬೇಕಾದರೂ ಕೊಂಡು ಮಾರಬಹುದಾದ್ದು ಡೀಡೆಡ್ ಜಮೀನು. ಈ ಚದುರಂಗದ ಮಣೆ ಹುಟ್ಟಿದ್ದು 1887ರ ಡಾಸ್ ಕಾಯ್ದೆಯಿಂದ. ಕುಟುಂಬಕ್ಕೆ 160 ಎಕರೆ ಹಂಚಿ, ಉಳಿದದ್ದನ್ನು 'ಹೆಚ್ಚುವರಿ' ಅಂತ ಹೊರಗಿನವರಿಗೆ ಬಿಟ್ಟರು. 1934ರ ಹೊತ್ತಿಗೆ ಬುಡಕಟ್ಟುಗಳ ಸುಮಾರು 13.8 ಕೋಟಿ ಎಕರೆ 4.8 ಕೋಟಿಗೆ ಇಳಿದಿತ್ತು. ಆದ್ದರಿಂದ "ಇವರ ನಿಯಮ ಗೋಜಲು" ಅಂತ ಟ್ರೈಬ್ ಮೇಲೆ ಗೊಣಗೋದು ನನಗೆ ಒಪ್ಪಿಗೆಯಿಲ್ಲ. ಗೋಜಲು ಮಾಡಿದ್ದು ಅವರಲ್ಲ.

ಟ್ರಸ್ಟ್ ಭೂಮಿಯಲ್ಲಿ ಸಾಮಾನ್ಯವಾಗಿ ಟ್ರೈಬ್ ಹೇಳಿದ್ದೇ ಕಾನೂನು. ಮೆಸ್ಕಲೆರೊ ಅಪಾಚೆ ಬುಡಕಟ್ಟಿನ ಪ್ರಕರಣದಲ್ಲಿ 1983ರಲ್ಲಿ ಸುಪ್ರೀಂ ಕೋರ್ಟ್, ಅವರ ರಿಸರ್ವೇಶನ್‌ನಲ್ಲಿ ಹೊರಗಿನವರ ಬೇಟೆಗೆ ನ್ಯೂ ಮೆಕ್ಸಿಕೊ ರಾಜ್ಯದ ನಿಯಮ ಹೇರುವಂತಿಲ್ಲ ಅಂದಿತು. ಅದೇ ರಾಜ್ಯದ ಹಿಕರಿಯಾ ಅಪಾಚೆ ಬುಡಕಟ್ಟಿನವರು ಮ್ಯೂಲ್ ಡೀರ್ ಅನ್ನೋ ಜಿಂಕೆಯ ಪರ್ಮಿಟ್ ತಾವೇ ಮಾರುತ್ತಾರೆ. ಮೊಂಟಾನಾ ರಾಜ್ಯದ ಫ್ಲಾಟ್‌ಹೆಡ್ ರಿಸರ್ವೇಶನ್‌ನಲ್ಲಿ ಹೊರಗಿನವರಿಗೆ ಜಿಂಕೆ ಬೇಟೆ ಇಲ್ಲವೇ ಇಲ್ಲ. (ನಮ್ಮಲ್ಲಿ ತದ್ವಿರುದ್ಧ: 2006ರ ಅರಣ್ಯ ಹಕ್ಕು ಕಾಯ್ದೆ ಬುಡಕಟ್ಟಿನವರ ಬೇಟೆಯ ಹಕ್ಕನ್ನೇ ಹೊರಗಿಟ್ಟಿದೆ.) ಡೀಡೆಡ್ ಜಮೀನಿನ ಕಥೆಯೇ ಬೇರೆ. ಮೊಂಟಾನಾದ ಕ್ರೋ ರಿಸರ್ವೇಶನ್ ಕುರಿತ 1981ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ, ಹೊರಗಿನವರ ಸ್ವಂತ ಜಮೀನಿನಲ್ಲಿ ಹೊರಗಿನವರ ಬೇಟೆಯನ್ನು ಟ್ರೈಬ್ ಸಾಮಾನ್ಯವಾಗಿ ನಿಯಂತ್ರಿಸುವಂತಿಲ್ಲ. ಅಲ್ಲಿ ಬೇಕಾದ್ದು ರಾಜ್ಯದ ಲೈಸೆನ್ಸ್ ಮತ್ತು ಮಾಲೀಕರ ಒಪ್ಪಿಗೆ. ಆದರೆ ಅಲ್ಲಿಗೆ ಹೋಗೋ ದಾರಿ ಟ್ರಸ್ಟ್ ಭೂಮಿ ಹಾದರೆ ಆ ಒಪ್ಪಿಗೆ ದಾರಿಗೆ ಆಗಲ್ಲ.

ಜನ ಎಡವೋದು ಹೆಚ್ಚಾಗಿ ಅಲಾಟ್‌ಮೆಂಟ್‌ನಲ್ಲಿ. ನಮ್ಮೂರಲ್ಲಿ ಪೌತಿ ಖಾತೆಯಾಗದೆ ಅಜ್ಜನ ಹೆಸರಲ್ಲೇ ಉಳಿದ ಜಮೀನಿನಂತೆ, ಒಂದೇ ತುಂಡಿಗೆ ಹತ್ತಾರು, ಕೆಲವೊಮ್ಮೆ ನೂರಾರು ವಾರಸುದಾರರು. ಟ್ರೈಬ್ ಪರ್ಮಿಟ್ ಇದ್ದ ಮಾತ್ರಕ್ಕೆ ಈ ಖಾಸಗಿ ಪಾಲಿನೊಳಗೆ ಹೋಗಬಹುದು ಅಂದುಕೊಳ್ಳಬೇಡಿ. ದನ ಮೇಯಿಸಲು ಗುತ್ತಿಗೆ ಹಿಡಿದವನು "ಹೋಗಿ ಬನ್ನಿ" ಅಂದರೂ ಸಾಲದು. ಅವನ ಗುತ್ತಿಗೆ ಹುಲ್ಲಿಗೆ.

ಪರಿಶೀಲನೆ ಹೀಗಿರಲಿ. ಮ್ಯಾಪ್ ಆ್ಯಪ್‌ನಿಂದ ಟೌನ್‌ಶಿಪ್, ರೇಂಜ್, ಸೆಕ್ಷನ್ ಸಂಖ್ಯೆ (ಅಲ್ಲಿನ ಸರ್ವೆಯಲ್ಲಿ ಜಮೀನು ಗುರುತಿಸೋದು ಇವುಗಳಿಂದ) ಬರೆದುಕೊಳ್ಳಿ. ಒಂದು ಸೆಕ್ಷನ್ 640 ಎಕರೆ, ಅಂದರೆ ಒಂದು ಚದರ ಮೈಲಿ, ಹಾಗಾಗಿ ಅದರ ಯಾವ ಕಾಲುಭಾಗ ಅನ್ನೋದನ್ನೂ ಬರೆಯಿರಿ. ಆ ಸಂಖ್ಯೆಗಳನ್ನೇ ಟ್ರೈಬ್‌ನ ಬೇಟೆ ಮತ್ತು ಮೀನುಗಾರಿಕೆ ಕಚೇರಿಗೆ ಫೋನ್ ಮಾಡಿ ಹೇಳಿ. ಅದು ಅಲಾಟ್‌ಮೆಂಟ್ ಅಂತ ಅವರು ಹೇಳಿದರೆ, ಫೆಡರಲ್ ಸರ್ಕಾರದ ಇಂಡಿಯನ್ (ಅಂದರೆ ಅಮೆರಿಕದ ಮೂಲನಿವಾಸಿ) ವ್ಯವಹಾರಗಳ ಬ್ಯೂರೋದ ಸ್ಥಳೀಯ ಭೂ ಕಚೇರಿಯಲ್ಲಿ ವಿಚಾರಿಸಿ. ಆ್ಯಪ್‌ನ ಬಣ್ಣ ನಂಬಿ ಹೊರಡೋದು ಮೂರ್ಖತನ: ಡೀಡೆಡ್ ಜಮೀನು ಮತ್ತೆ ಟ್ರಸ್ಟ್‌ಗೆ ಸೇರುತ್ತಿರುತ್ತದೆ, ಆ್ಯಪ್ ಹಳೆಯದನ್ನೇ ತೋರಿಸುತ್ತಿರಬಹುದು. ಬೇಲಿಯನ್ನೂ ನಂಬಬೇಡಿ, ಅದು ದನಕ್ಕೆ ಹಾಕಿದ್ದು, ಸರ್ವೆ ಗೆರೆಯ ಮೇಲೇ ಇರಬೇಕೆಂದಿಲ್ಲ. ನೆಟ್‌ವರ್ಕ್ ಸಿಗದ ಕಡೆಗೆ ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡಿರಿ.

ತಪ್ಪಿದರೆ? ಯಾವ ಬುಡಕಟ್ಟಿಗೂ ಸೇರದ ಹೊರಗಿನವರ ಮೇಲೆ ಟ್ರೈಬಲ್ ಕೋರ್ಟ್ ಸಾಮಾನ್ಯವಾಗಿ ಕ್ರಿಮಿನಲ್ ಕೇಸು ನಡೆಸುವಂತಿಲ್ಲ ಅಂತ 1978ರ ಸುಪ್ರೀಂ ಕೋರ್ಟ್ ತೀರ್ಪಿದೆ, ನಿಜ. ಅದನ್ನೇ ನೆಚ್ಚಿಕೊಂಡವರು ಫೆಡರಲ್ ಕಾನೂನನ್ನು ಮರೆಯುತ್ತಾರೆ. ಗೊತ್ತಿದ್ದೂ ಅನುಮತಿಯಿಲ್ಲದೆ ಟ್ರಸ್ಟ್ ಭೂಮಿಗೆ ಬೇಟೆಗೆ ಹೊಕ್ಕರೆ ದಂಡ ಅಥವಾ 90 ದಿನದವರೆಗೆ ಜೈಲು, ಇಲ್ಲವೇ ಎರಡೂ. ಹೊಡೆದ ಪ್ರಾಣಿಯೂ ಜಪ್ತಿ. ಟ್ರೈಬ್ ನಿಯಮ ಮುರಿದು ಹೊಡೆದದ್ದನ್ನು ಸಾಗಿಸಿದರೆ ಅಕ್ರಮವಾಗಿ ಹೊಡೆದ ಪ್ರಾಣಿಯ ಸಾಗಾಟ ತಡೆಯುವ ಫೆಡರಲ್ ಲೇಸಿ ಕಾಯ್ದೆಯೂ ಸೇರಿಕೊಳ್ಳುತ್ತದೆ.

ಸರಿಯಾಗಿ ಹೊಡೆದದ್ದಕ್ಕೂ ಟ್ರೈಬ್ ಟ್ಯಾಗ್ ಕಟ್ಟಿ, ಪರ್ಮಿಟ್ ಮಾಂಸದ ಜೊತೆಯಲ್ಲೇ ಇರಲಿ. ಜಿಂಕೆಗಳ ಮಿದುಳು ಹಾಳುಮಾಡುವ ಕ್ರಾನಿಕ್ ವೇಸ್ಟಿಂಗ್ ರೋಗದ ಕಾರಣ ಮಿದುಳು, ಬೆನ್ನುಹುರಿ ಇರುವ ಕಳೇಬರವನ್ನು ಅನೇಕ ರಾಜ್ಯಗಳು ಗಡಿ ದಾಟಿಸಲು ಬಿಡಲ್ಲ. ಮೂಳೆ ಬಿಡಿಸಿದ ಮಾಂಸ ಒಯ್ಯೋದು ಸುಲಭ.

ಇನ್ನು ಗುಂಡೇಟು ತಿಂದ ಜಿಂಕೆ ಪಕ್ಕದ ತುಂಡಿಗೆ ಓಡಿದರೆ ಬೆನ್ನಟ್ಟಬೇಡಿ. ರಕ್ತದ ಗುರುತು ಕೊನೆಗೆ ಕಂಡ ಜಾಗವನ್ನು ಜಿಪಿಎಸ್‌ನಲ್ಲಿ ಗುರುತಿಸಿ, ಟ್ರೈಬ್‌ನ ಗೇಮ್ ವಾರ್ಡನ್‌ಗೆ ಫೋನ್ ಮಾಡಿ, ಒಪ್ಪಿಗೆ ಬರುವವರೆಗೆ ಗೆರೆಯ ಈಚೆಗೇ ನಿಲ್ಲಿ. ಆ ನಂಬರನ್ನು ಪರ್ಮಿಟ್ ಕೊಳ್ಳುವಾಗಲೇ ಬರೆದುಕೊಂಡಿರಿ.