ಮತದಾರ ಪ್ರಭುವಿಗೆ ಕೆಂಪು ಹಗ್ಗ

ಪ್ರಜಾಪ್ರಭುತ್ವದ ತವರುಮನೆ ಯಾವುದು ಅಂತ ಮೇಷ್ಟ್ರು ಕೇಳಿದರೆ ಅಥೆನ್ಸ್ ಅಂತ ಒಪ್ಪಿಸಿ ಮಾರ್ಕು ತಗೊಂಡವರೇ ನಾವೆಲ್ಲ. ಈಗ ಯೋಚಿಸಿದರೆ ಆ ಪದವೇ ಒಂದು ತಮಾಷೆ. ಅದೆಂಥ ತವರು ಮಾರಾಯ್ರೆ, ಹೆಣ್ಣುಮಕ್ಕಳಿಗೇ ಅಲ್ಲಿ ಓಟಿರಲಿಲ್ಲ. ಊರಿನ ಹೆಸರು ಮಾತ್ರ ಹೆಣ್ಣು ದೇವತೆಯದು.

ಜನಸಭೆಯ ದಿನ ಏನಾಗುತ್ತಿತ್ತು ನೋಡಿ. ಸಭೆ ನಡೆಯುವುದು ಪ್ನಿಕ್ಸ್ ಅನ್ನುವ ಗುಡ್ಡದ ಮೇಲೆ. ಪ್ರಜೆಯಾದವನು ಯಾರು ಬೇಕಾದರೂ ಹೋಗಿ ಮಾತಾಡಬಹುದು, ಯುದ್ಧ ಬೇಕೋ ಬೇಡವೋ ಅಂತ ಕೈ ಎತ್ತಬಹುದು. ಆದರೆ ಪ್ರಭುಗಳೆಲ್ಲ ಕೆಳಗೆ ಸಂತೆಬೀದಿಯಲ್ಲಿ ಹರಟೆ ಹೊಡೆಯುತ್ತಾ ನಿಂತಿದ್ದಾರೆ. ಆಗ ಕೆಂಪು ಬಣ್ಣದಲ್ಲಿ ಅದ್ದಿದ ಉದ್ದನೆಯ ಹಗ್ಗ ಬರುತ್ತಿತ್ತು. ಆ ತುದಿಗೊಬ್ಬ, ಈ ತುದಿಗೊಬ್ಬ ಹಿಡಿದು, ದನ ಹೊಡೆದ ಹಾಗೆ ಎಲ್ಲರನ್ನೂ ಗುಡ್ಡದ ಕಡೆ ತಳ್ಳುವುದು. ಬಟ್ಟೆಗೆ ಬಣ್ಣ ತಗುಲಿತೋ, ದಂಡ. ಹಗ್ಗ ಕಂಡ ಕೂಡಲೇ ಜನ ಆ ಕಡೆ ಈ ಕಡೆ ಓಡುತ್ತಿದ್ದರಂತೆ, ಆ ಕಾಲದ ಹಾಸ್ಯ ನಾಟಕದಲ್ಲೇ ಈ ಮಾತು ಬರುತ್ತದೆ. ಹಗ್ಗ ಹಿಡಿದ ಪೊಲೀಸರು ಯಾರು? ಕಪ್ಪು ಸಮುದ್ರದಾಚೆಯ ಸಿಥಿಯಾ ಕಡೆಯಿಂದ ಕೊಂಡು ತಂದ ಸರ್ಕಾರಿ ಗುಲಾಮರು. ಅಂದರೆ, ಸ್ವಾತಂತ್ರ್ಯ ಚಲಾಯಿಸಲಾರೆ ಅಂತ ಓಡುವವನು ಪ್ರಭು, ಅವನನ್ನು ಹಿಡಿದು ಸ್ವಾತಂತ್ರ್ಯದ ಕಡೆ ದಬ್ಬುವವನು ಗುಲಾಮ.

ಆಮೇಲೆ ಹಗ್ಗ ಸಾಲದು ಅಂತ ಸಭೆಗೆ ಬಂದವರಿಗೆ ಭತ್ಯೆ ಕೊಡೋಕೆ ಶುರು ಮಾಡಿದರು. ಮನೆ ಖರ್ಚಿಗೆ ದಾರಿಯಾಯಿತು, ಓಡುವುದು ಕಮ್ಮಿಯಾಯಿತು.

ಇನ್ನು ಜಾತಿಯಿಲ್ಲದ ಸಮಾಜವಾ? ಅಷ್ಟು ಸುಲಭವಾ! ಕ್ರಿ.ಪೂ. 594ರಲ್ಲೇ ಅಥೆನ್ಸಿಗೆ ಕಾನೂನು ಬರೆದುಕೊಟ್ಟ ಸೊಲೊನ್ ಮಹಾಶಯರು ಕಣಜ ನೋಡಿ ಮಣೆ ಹಾಕಿದ್ದರು. ಹೊಲದಿಂದ 500 ಅಳತೆ ಬೆಳೆ ಬಂದರೆ ಮೇಲಿನ ಮಣೆ, 300 ಬಂದರೆ ಕುದುರೆಯವರ ಮಣೆ, 200 ಬಂದರೆ ಅದಕ್ಕೂ ಕೆಳಗೆ, ಇನ್ನೂ ಕಮ್ಮಿಯಾದರೆ ನೆಲ. ನೆಲದಲ್ಲಿ ಕೂತವರಿಗೆ ಥೀಟ್ಸ್ ಅಂತ ಹೆಸರು. ಅವರು ಸಭೆಗೆ ಬರಬಹುದು, ಹಡಗಿನಲ್ಲಿ ಹುಟ್ಟು ಹಾಕಬಹುದು, ಅಧಿಕಾರದ ಕುರ್ಚಿ ಮಾತ್ರ ಮುಟ್ಟುವ ಹಾಗಿಲ್ಲ. ಮುಂದೆ ಕುರ್ಚಿಗೆ ಚೀಟಿ ಎತ್ತುವ ಪದ್ಧತಿ ಬಂತು, ಬಡವರೂ ಬಂದರು, ಆದರೆ ಹಳೆಯ ಕಾನೂನನ್ನು ತೆಗೆದುಹಾಕುವ ಗೋಜಿಗೆ ಯಾರೂ ಹೋಗಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಕೇಳಿ. ಚೀಟಿ ಎತ್ತುವಾಗ ಅಧಿಕಾರಿ ಕೇಳುತ್ತಾನೆ, "ನಿಂದು ಯಾವ ವರ್ಗಪ್ಪಾ?" ಯಾರೊಬ್ಬನೂ ಥೀಟ್ಸ್ ಅನ್ನುವುದಿಲ್ಲ. ಅಧಿಕಾರಿಯೂ ಸುಮ್ನೆ ಬರೆದುಕೊಳ್ಳುತ್ತಾನೆ. ಇಡೀ ಊರಲ್ಲಿ ಬಡತನ ನಿರ್ಮೂಲನೆ, ಒಂದೇ ಪ್ರಶ್ನೆಯಲ್ಲಿ!

ಇದನ್ನು ದಾಖಲಿಸಿದ ಗ್ರಂಥ ಅರಿಸ್ಟಾಟಲ್‌ನ ಹೆಸರಿನಲ್ಲಿದೆ. ಅವನದು ಇನ್ನೊಂದು ಕಥೆ. ಪ್ರಜೆ ಅಂದರೆ ಯಾರು ಅಂತ ಲಕ್ಷಣ ಬರೆದ ಮನುಷ್ಯ, ವರ್ಷಗಟ್ಟಲೆ ಅಥೆನ್ಸಿನಲ್ಲಿ ಪಾಠ ಹೇಳಿದ, ಆದರೆ ಹುಟ್ಟಿದ್ದು ಸ್ಟಾಗಿರಾದಲ್ಲಿ. ಹಾಗಾಗಿ ಅವನು ಹೊರಗಿನವನು, ಓಟಿಲ್ಲ. ಇಂಥ ಹೊರಗಿನವರು ವರ್ಷಕ್ಕೆ 12 ಡ್ರಾಕ್ಮಾ ತಲೆಗಂದಾಯ ಕಟ್ಟಬೇಕು, ಯುದ್ಧ ಬಂದರೆ ಹೋಗಬೇಕು, ಆದರೆ ಒಂದು ಗುಂಟೆ ಜಾಗ ಕೊಳ್ಳುವ ಹಾಗಿಲ್ಲ. ಗುಲಾಮರದ್ದು ಕೇಳಲೇಬೇಡಿ. ನಿಕಿಯಾಸ್ ಅನ್ನುವ ದೊಡ್ಡ ಮನುಷ್ಯ 1,000 ಗುಲಾಮರನ್ನು ಲಾರಿಯನ್ನಿನ ಬೆಳ್ಳಿ ಗಣಿಗೆ ಬಾಡಿಗೆಗೆ ಬಿಟ್ಟಿದ್ದ, ತಲೆಗೆ ದಿನಕ್ಕೊಂದು ಓಬಲ್, ಅಂದರೆ ಡ್ರಾಕ್ಮಾದ ಆರನೇ ಒಂದು ಪಾಲು. ಅವನೂ ಅದೇ ಸಭೆಯ ಗೌರವಾನ್ವಿತ ಸದಸ್ಯನೇ.

ಕ್ರಿ.ಪೂ. 451ರಲ್ಲಿ ಅಥೆನ್ಸಿನ ದೊಡ್ಡ ನಾಯಕ ಪೆರಿಕ್ಲೀಸ್ ಕಾನೂನು ತಂದ. ಅಪ್ಪ, ಅಮ್ಮ ಇಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪ್ರಜೆ. ತಾಯಿ ಊರಿನವಳೇ ಆಗಬೇಕು, ಆದರೆ ಅವಳ ಹೆಸರು ಊರಿನ ಪಟ್ಟಿಯಲ್ಲಿ ಇರುವುದಿಲ್ಲ! ಸರಿ, ಕಾನೂನು ಅಂದರೆ ಕಾನೂನು. ಸುಮಾರು ಇಪ್ಪತ್ತು ವರ್ಷ ಕಳೆಯಿತು. ಪಿಡುಗಿನಲ್ಲಿ ಪೆರಿಕ್ಲೀಸನ ಇಬ್ಬರು ಮಕ್ಕಳೂ ಹೋದರು. ಉಳಿದವನು ಒಬ್ಬನೇ, ಮಿಲೀಟಸ್ಸಿನ ಅಸ್ಪಾಸಿಯಾಗೆ ಹುಟ್ಟಿದವನು. ಅಪ್ಪನೇ ತಂದ ಕಾನೂನಿನ ಪ್ರಕಾರ ಹೊರಗಿನವನು. ಮುದುಕ ಸಭೆಯ ಮುಂದೆ ಬೇಡಿಕೊಂಡ, ಜನಕ್ಕೆ ಕರುಳು ಚುರುಕ್ ಅಂತು, ಹುಡುಗನ ಹೆಸರು ಪಟ್ಟಿಗೆ ಸೇರಿತು. ಹುಡುಗ ಬೆಳೆದು ಸೇನಾಪತಿಯಾದ. ಕ್ರಿ.ಪೂ. 406ರಲ್ಲಿ ಆರ್ಗಿನುಸೆ ಸಮುದ್ರಯುದ್ಧ ಗೆದ್ದ. ಬಿರುಗಾಳಿಯಲ್ಲಿ ಮುಳುಗಿದವರನ್ನು ಎತ್ತಲಿಲ್ಲ ಅಂತ ಅದೇ ಸಭೆ ಅವನಿಗೂ ಇನ್ನೈದು ಸೇನಾಪತಿಗಳಿಗೂ ಒಟ್ಟಿಗೇ ಮರಣದಂಡನೆ ಕೊಟ್ಟಿತು. ಆಮೇಲೆ ಪಶ್ಚಾತ್ತಾಪವೂ ಪಟ್ಟಿತು ಅನ್ನಿ. ಪ್ರಜೆ ಆಗದೆ ಹೋಗಿದ್ದರೆ ಪಾಪ ಬದುಕಿರುತ್ತಿದ್ದನೋ ಏನೋ.

ಇದಕ್ಕಿಂತ ಚಿಕ್ಕ ಮನುಷ್ಯನ ಕಥೆ ನನಗೆ ಜಾಸ್ತಿ ಇಷ್ಟ. ಕ್ರಿ.ಪೂ. 346ರ ಹೊತ್ತಿಗೆ ಪ್ರಜೆಗಳ ಪಟ್ಟಿ ಪರಿಷ್ಕರಣೆಗೆ ಆದೇಶ ಬಂತು. ಅಥೆನ್ಸಿಗೆ ಸೇರಿದ ಪ್ರತಿ ಊರಿನವರೂ ಒಂದೊಂದೇ ಹೆಸರು ಕೂಗಿ, ಇವನು ನಮ್ಮವನಾ ಅಲ್ಲವಾ ಅಂತ ಓಟು ಹಾಕಬೇಕು. ಹಲಿಮೂಸ್ ಊರಿನ ಯೂಕ್ಸಿತಿಯಸ್ ಅನ್ನುವವನ ಹೆಸರು ಅಲ್ಲಿ ಹೊಡೆದುಹೋಯಿತು. ಕಾರಣ? ಅವನಪ್ಪನ ಮಾತಿನ ಧಾಟಿ ಬೇರೆ. ಯುದ್ಧದಲ್ಲಿ ಸೆರೆಸಿಕ್ಕು, ಪರದೇಶಕ್ಕೆ ಮಾರಾಟವಾಗಿ, ಎಷ್ಟೋ ವರ್ಷದ ಮೇಲೆ ವಾಪಸ್ ಬಂದ ಮನುಷ್ಯ, ನಾಲಿಗೆ ತಿರುಗಿತ್ತು. ಅಮ್ಮ ಸಂತೆಯಲ್ಲಿ ರಿಬ್ಬನ್ ಮಾರುತ್ತಿದ್ದಳು, ಬಡತನದಲ್ಲಿ ಬೇರೆಯವರ ಮಗುವಿಗೆ ಎದೆಹಾಲು ಕೊಟ್ಟು ಕೂಲಿ ಪಡೆದಿದ್ದಳು. ಒಳ್ಳೆ ಮನೆ ಹೆಂಗಸು ಇಂಥ ಕೆಲಸ ಮಾಡುತ್ತಾಳಾ ಅನ್ನುವುದು ತರ್ಕ. ಇವನು ಹಿಂದೆ ಅದೇ ಊರಿನ ಮುಖ್ಯಸ್ಥನಾಗಿದ್ದ ಅನ್ನುವುದು ಆಗ ಯಾರಿಗೂ ನೆನಪಾಗಲಿಲ್ಲ.

ಮೇಲ್ಮನವಿ ಹಾಕಿದ. ಸೋತರೆ ಗುಲಾಮನಾಗಿ ಮಾರಾಟ, ಅದೂ ಕಾನೂನೇ. ಅವನಿಗೆ ಭಾಷಣ ಬರೆದುಕೊಟ್ಟವನು ಹೆಸರಾಂತ ವಾಗ್ಮಿ ಡೆಮಾಸ್ತನೀಸ್, ಅದು ಈಗಲೂ ಓದಲು ಸಿಗುತ್ತದೆ. ಅದರ ಪ್ರಕಾರ ಆ ದಿನ ಪ್ರಮಾಣ ಮಾಡಿದವರು 73 ಜನ. ಯೂಬುಲೈಡೀಸ್ ಅನ್ನುವ ಪುಢಾರಿ ಭಾಷಣ ಬಿಗಿದು, ಠರಾವು ಬರೆದು ಹೊತ್ತು ಕಳೆದ. ಇವನ ಸರದಿ ಬರುವಾಗ ಕತ್ತಲು. ವಯಸ್ಸಾದವರೆಲ್ಲ ಹೊಲಮನೆಗೆ ಹೊರಟುಹೋಗಿದ್ದರು. ನಾಳೆಗೆ ಮುಂದೂಡಿ ಅಂದ, ಯಾರು ಕೇಳುತ್ತಾರೆ? ಆಗಲೇ ಓಟಿನ ಹರಳು ಹಂಚುತ್ತಿದ್ದರು, ತಮ್ಮವರ ಕೈಗೆ ಎರಡೆರಡು, ಮೂರು ಮೂರು.

ಉಳಿದಿದ್ದವರು 30 ಮೀರಿರಲಿಲ್ಲ. ಎಣಿಸಿದಾಗ ಹರಳು 60 ದಾಟಿತ್ತು. ಕೆಂಪು ಹಗ್ಗ ಕೂಡ ಯಾರೂ ತಂದಿರಲಿಲ್ಲ.