ಸುಮ್ನೆ ‘ಇಲ್ಲ’ ಅಂತ ಹಾಕ್ರಿ

ದಾವಣಗೆರೆಯಲ್ಲಿ ಹೊಸ ಕಾರು ಶೋರೂಮಿನಿಂದ ನೇರ ಮನೆಗೆ ಹೋಗುವುದಿಲ್ಲ. ಮೊದಲು ದುಗ್ಗಮ್ಮನ ಗುಡಿ. ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿ. ಅಲ್ಲಿಂದ ಬೆಣ್ಣೆ ದೋಸೆ. ಆಮೇಲೆ ಕಾರ್ ಡೆಕೋರ್ ಅಂಗಡಿ. ಸಂಜೆ ಹೊತ್ತಿಗೆ ಕಾರು ತಯಾರಿಸಿದ ಕಂಪನಿಯವರೇ ಬಂದರೂ ಗುರುತು ಹಿಡಿಯುವುದು ಕಷ್ಟ. ಸೀಟಿಗೆ ಹೊಸ ಕವರ್, ಅಕ್ಕಿ ಮೂಟೆ ಇಡುವ ಡಿಕ್ಕಿಯಲ್ಲಿ ಸಬ್‌ವೂಫರ್, ಡ್ಯಾಶ್‌ಬೋರ್ಡಿನಲ್ಲಿ ದೊಡ್ಡ ಟಚ್ ಸ್ಕ್ರೀನ್, ಮುಂದೆ ಫಾಗ್ ಲ್ಯಾಂಪ್, ಕೆಳಗೆ ಫಳಫಳ ಹೊಳೆಯುವ ಅಲಾಯ್ ವೀಲ್.

ಇದನ್ನೆಲ್ಲ ಊರಿಗೆ ತೋರಿಸುತ್ತೇವೆ. ಪಿ.ಬಿ. ರೋಡಿನಲ್ಲಿ ಎರಡು ರೌಂಡ್ ಹೊಡೆದು ಕೇಳಿಸುತ್ತೇವೆ ಕೂಡ. ಸ್ಟೇಟಸ್ಸಿಗೂ ಹಾಕುತ್ತೇವೆ. ಹರಿಹರದಲ್ಲಿರುವ ಬೀಗರಿಗೆ ಅಲಾಯ್ ವೀಲಿನ ರೇಟು ಗೊತ್ತು. ಗೊತ್ತಿಲ್ಲದೇ ಉಳಿಯುವುದು ಇನ್ಶೂರೆನ್ಸ್ ಕಂಪನಿಗೆ ಮಾತ್ರ.

ಕಂಪನಿ ಕೇಳುವುದಿಲ್ಲ ಅಂತಲ್ಲ. ಪ್ರಪೋಸಲ್ ಫಾರ್ಮಿನಲ್ಲಿ, ಅಂದರೆ ಪಾಲಿಸಿಯ ಅರ್ಜಿಯಲ್ಲಿ, ಜಾಗ ಬಿಟ್ಟಿರುತ್ತಾರೆ. ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ ಸಾಮಾನು ಎಷ್ಟು ರೂಪಾಯಿಯದು? ನಾನ್-ಎಲೆಕ್ಟ್ರಿಕಲ್ ಎಷ್ಟರದು? ಸಿಎನ್‌ಜಿ, ಎಲ್‌ಪಿಜಿ ಕಿಟ್ ಇದೆಯಾ? ಪ್ರಶ್ನೆಗಳು ಸ್ಪಷ್ಟವಾಗಿಯೇ ಇವೆ. ಆದರೆ ಫಾರ್ಮು ಮಾಲೀಕರ ಕೈಗೆ ಬರುವ ಹೊತ್ತಿಗೆ ಉತ್ತರ ತುಂಬಿ ಆಗಿರುತ್ತದೆ. ಸಹಿ ಮಾಡುವ ಜಾಗದಲ್ಲಿ ಪೆನ್ಸಿಲ್ಲಿನಲ್ಲಿ ಒಂದು ಇಂಟು ಗುರುತು ಮಾತ್ರ ಕಾಯುತ್ತಿರುತ್ತದೆ. ವಿದ್ಯಾನಗರದ ಮೇಷ್ಟ್ರೊಬ್ಬರು ಅಪ್ಪಿತಪ್ಪಿ ಓದಲು ಹೋದರು ಅನ್ನಿ. ಆಗ ಏಜೆಂಟನ ಜೊತೆ ಮಾತು ಹೀಗೆ ನಡೆಯುತ್ತದೆ:

‘ತಮ್ಮಾ, ಸ್ಟೀರಿಯೊ ಹಾಕ್ಸೀನಿ. ಬರೀಬೇಕಲ್ವಾ?’

‘ಸುಮ್ನೆ “ಇಲ್ಲ” ಅಂತ ಹಾಕ್ರಿ ಮೇಷ್ಟ್ರೇ. ಬರದ್ರೆ ಪ್ರೀಮಿಯಂ ಜಾಸ್ತಿ ಆಗುತ್ತೆ.’

‘ಎಷ್ಟು ಜಾಸ್ತಿ?’

‘ಸಿಸ್ಟಮ್ಮಿಗೆ ಹಾಕಿ ನೋಡ್ಬೇಕು.’

‘ಹಾಕಿ ನೋಡು ಮತ್ತೆ.’

‘ಹಾಕ್ಬೇಕು ಅಂದ್ರೆ ಬರೀಬೇಕಲ್ರಿ!’

ಮೇಷ್ಟ್ರು ಸಹಿ ಮಾಡುತ್ತಾರೆ. ಮಕ್ಕಳು ಬಿಟ್ಟ ಜಾಗ ತುಂಬದೇ ಬಂದರೆ ಸೊನ್ನೆ ಹಾಕುವವರು ಇಲ್ಲಿ ತಾವೇ ಸೊನ್ನೆ ಬರೆದು ಕೊಡುತ್ತಾರೆ.

ಅಷ್ಟಕ್ಕೂ ಉಳಿದದ್ದು ಎಷ್ಟು? 2002ರ ಭಾರತೀಯ ಮೋಟಾರ್ ಟ್ಯಾರಿಫ್‌ನಲ್ಲಿ, ಅಂದರೆ ವಾಹನ ವಿಮೆಯ ದರಪಟ್ಟಿಯಲ್ಲಿ, ಎಲೆಕ್ಟ್ರಿಕಲ್ ಸಾಮಾನಿನ ಬೆಲೆಗೆ ಶೇ 4 ಹೆಚ್ಚುವರಿ ಪ್ರೀಮಿಯಂ ಅಂತಿತ್ತು. ಆ ಲೆಕ್ಕ ಹಿಡಿದರೆ 25,000 ರೂಪಾಯಿಯ ಸ್ಟೀರಿಯೊಗೆ ವರ್ಷಕ್ಕೆ 1,000. ಶೇ 18 ಜಿಎಸ್‌ಟಿ ಸೇರಿದರೆ 1,180. ಸ್ಟೀರಿಯೊ ಕೊಳ್ಳುವಾಗ ಚೌಕಾಸಿಯನ್ನೇ ಮಾಡದವರು ಈ 1,180ಕ್ಕೆ ಮಾತ್ರ ಮಹಾ ಜಿಪುಣರಾಗುತ್ತಾರೆ. ಉಳಿಸಿದ ಖುಷಿಗೆ ಮನೆಮಂದಿಯನ್ನೆಲ್ಲ ಹೋಟೆಲಿಗೆ ಕರೆದೊಯ್ದು 1,500 ಬಿಲ್ಲು ಕೊಟ್ಟು ಬರುತ್ತಾರೆ.

ಇದಕ್ಕಿಂತ ದೊಡ್ಡ ತಮಾಷೆ ಶೋರೂಮಿನಲ್ಲಿದೆ. ಕಾರು ಮಾರುವುದು, ಆಕ್ಸೆಸರಿ ಮಾರುವುದು, ಪಾಲಿಸಿ ಮಾಡಿಸುವುದು ಎಲ್ಲ ಒಂದೇ ಸೂರಿನಡಿ. ಎಷ್ಟೋ ಕಡೆ ಒಂದೇ ಟೇಬಲ್ಲು. ಆದರೆ ಪಾಲಿಸಿಯಲ್ಲಿ ಕಾರಿನ ಬೆಲೆ, ಅಂದರೆ ಐಡಿವಿ, ಲೆಕ್ಕ ಹಾಕುವುದು ಕಂಪನಿಯ ಲಿಸ್ಟ್ ಬೆಲೆಯ ಮೇಲೆ, ಸವಕಳಿ ಕಳೆದು. ಆಕ್ಸೆಸರಿ ಬಿಲ್ಲು ಬೇರೆ. ಹಾಗಾಗಿ ಟಾಪ್ ಮಾಡೆಲ್ಲಿನಲ್ಲಿ ಹುಟ್ಟಿದ ಸ್ಪೀಕರಿಗೆ ವಿಮೆ ಉಂಟು. ಅದೇ ಸ್ಪೀಕರನ್ನು ಬೇಸ್ ಮಾಡೆಲ್ಲಿಗೆ ಹಾಕಿಸಿದರೆ, ಹೇಳಿ ಬರೆಸುವ ತನಕ ಇಲ್ಲ. ಹಾಡು ಒಂದೇ, ಕುಲ ಬೇರೆ. ಬಲಗೈಯಲ್ಲಿ ಸ್ಪೀಕರ್ ಬಿಲ್ಲು ಬರೆದ ಶೋರೂಮಿಗೆ ಎಡಗೈಯಲ್ಲಿ ಪಾಲಿಸಿ ಬರೆಯುವಾಗ ಆ ಸ್ಪೀಕರ್ ನೆನಪಿಗೇ ಬರುವುದಿಲ್ಲ.

ಇದೇ ಟ್ಯಾರಿಫ್‌ನಲ್ಲಿ ಒಂದು ರಿಯಾಯಿತಿಯೂ ಇತ್ತು. ಪುಣೆಯ ವಾಹನ ಪರೀಕ್ಷಾ ಸಂಸ್ಥೆ ಎಆರ್‌ಎಐ ಒಪ್ಪಿದ ಕಳ್ಳತನ ತಡೆ ಸಾಧನ ಹಾಕಿಸಿದರೆ ಓನ್ ಡ್ಯಾಮೇಜ್, ಅಂದರೆ ಸ್ವಂತ ಕಾರಿನ ಹಾನಿಯ, ಪ್ರೀಮಿಯಂನಲ್ಲಿ ಶೇ 2.5 ಕಡಿಮೆ, ಗರಿಷ್ಠ 500 ರೂಪಾಯಿ. ನಮ್ಮ ಬಂಪರಿಗೆ ನೇತಾಡುವ ನಿಂಬೆಹಣ್ಣು, ಮೆಣಸಿನಕಾಯಿ, ಕರಿ ದಾರವನ್ನು ಪುಣೆಯವರು ಇನ್ನೂ ಪರೀಕ್ಷೆಗೆ ತೆಗೆದುಕೊಂಡಂತಿಲ್ಲ.

ಈಗ ಅಪಘಾತ. ಚಿತ್ರದುರ್ಗ ದಾಟಿ ಹೈವೇಯಲ್ಲಿ ಲಾರಿ ದಿಢೀರ್ ಬ್ರೇಕ್ ಹಾಕಿತು ಅಂತಿಟ್ಟುಕೊಳ್ಳಿ. ದೇವರ ದಯೆ, ಜನಕ್ಕೇನೂ ಆಗಿಲ್ಲ. ಮುಂಭಾಗ ಹೋಗಿದೆ. ಗ್ಯಾರೇಜಿಗೆ ನಷ್ಟ ಅಂದಾಜು ಮಾಡುವ ಸರ್ವೇಯರ್ ಬರುತ್ತಾರೆ. ಪಾಲಿಸಿ ಕೊಡುವಾಗ ಒಬ್ಬರೂ ಬಗ್ಗಿ ನೋಡದ ಕಾರನ್ನು ಇವರು ಮಲಗಿ ನೋಡುತ್ತಾರೆ. ಅಲಾಯ್ ವೀಲಿಗೆ ಬೆರಳಿಂದ ತಟ್ಟುತ್ತಾರೆ. ಸ್ಟೀರಿಯೊದ ವೈರು ಹಿಡಿದು ಹೋಗಿ ಡಿಕ್ಕಿ ತಲುಪುತ್ತಾರೆ.

‘ಇದು ಕಂಪನಿ ಫಿಟ್ಟಿಂಗಾ ಸರ್?’

‘ಅಲ್ರಿ, ಆಮೇಲೆ ಹಾಕ್ಸಿದ್ದು. ನೋಡ್ರಿ, ಪೂರ್ತಿ ಹೋಗೇತಿ.’

‘ಪಾಲಿಸಿಯಲ್ಲಿ ಸ್ಟೀರಿಯೊ ಇಲ್ಲವಲ್ಲ ಸರ್. ಇಲ್ಲದ್ದು ಒಡೆಯೋದು ಹೇಗೆ?’

ತತ್ವಜ್ಞಾನದಲ್ಲಿ ಈ ಪ್ರಶ್ನೆಗೆ ಉತ್ತರ ಇರಬಹುದು. ಗ್ಯಾರೇಜಿನಲ್ಲಿಲ್ಲ.

ಸ್ಟೀರಿಯೊ ಹೋದರೆ ಸ್ಟೀರಿಯೊ ದುಡ್ಡಷ್ಟೇ ಹೋಯಿತು. ಗ್ಯಾಸ್ ಕಿಟ್ ಹಾಗಲ್ಲ. ಆರ್‌ಸಿಯಲ್ಲಿ ನಮೂದಾಗದೆ, ಪಾಲಿಸಿಯಲ್ಲೂ ಬರೆಸದೆ ಓಡಿಸಿದರೆ ಇಡೀ ಕ್ಲೇಮೇ ತಕರಾರಿಗೆ ಬೀಳಬಹುದು. ಅದೇ ಟ್ಯಾರಿಫ್‌ನಲ್ಲಿ ಕಿಟ್ಟಿಗೆ ಅದರ ಬೆಲೆಯ ಶೇ 4, ಮೇಲೆ ಥರ್ಡ್ ಪಾರ್ಟಿ, ಅಂದರೆ ಎದುರಿನವರಿಗಾಗುವ ಹಾನಿಯ, ಬಾಬ್ತು 60 ರೂಪಾಯಿ ಅಂತಿತ್ತು. ಹೌದು, ಅರವತ್ತು. ಪೆಟ್ರೋಲಿನ ದುಡ್ಡು ಉಳಿಸಲು ಹಾಕಿಸಿದ ಕಿಟ್ಟು, ಆ ಅರವತ್ತನ್ನೂ ಉಳಿಸಲು ಹೋಗಿ ಕಾರನ್ನೇ ಬೀದಿಗೆ ತರುತ್ತದೆ.

ಇನ್ನು ಬುಲ್ ಬಾರ್, ಅಂದರೆ ಬಂಪರಿನ ಮುಂದೆ ಹಾಕಿಸುವ ಲೋಹದ ಗಾರ್ಡು. ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ಇವನ್ನು ಹಾಕುವವರ ಮೇಲೆ ಕ್ರಮ ಕೈಗೊಳ್ಳಿ ಎಂದು ರಾಜ್ಯಗಳಿಗೆ ಬರೆಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರ ಮೂಲ ವಿನ್ಯಾಸ ಬದಲಾಗುವಂತೆ ಕಾರನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿತು. ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಹಾಕಲು, ಇಲ್ಲವೇ ಆರು ತಿಂಗಳವರೆಗೆ ಜೈಲಿಗೆ ಕಳಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಆದರೂ ಅಂಗಡಿಯಲ್ಲಿ ಬುಲ್ ಬಾರ್ ಸಿಗುತ್ತದೆ, ಕೇಳಿದರೆ ಜಿಎಸ್‌ಟಿ ಬಿಲ್ಲೂ ಸಿಗುತ್ತದೆ. ಹಾಕಿಸಿಕೊಂಡಾಗ ಸರ್ಕಾರಕ್ಕೆ ತೆರಿಗೆ ಬಂತು, ಮುಂದಿನ ಸರ್ಕಲ್ಲಿನಲ್ಲಿ ಹಿಡಿದಾಗ ದಂಡವೂ ಬಂತು. ಇದನ್ನು ಫಾರ್ಮಿನಲ್ಲಿ ಬರೆದರೆ ತಪ್ಪೊಪ್ಪಿಗೆ, ಬರೆಯದಿದ್ದರೆ ಸುಳ್ಳು. ತೆಗೆಸಿ ಹಾಕಬಹುದಲ್ಲ ಅಂತ ಕೇಳಬೇಡಿ. ಮರ್ಯಾದೆ ಪ್ರಶ್ನೆ.

ಹಾಗಂತ ಎಲ್ಲರೂ ಮೇಷ್ಟ್ರ ಥರ ಸಹಿ ಹಾಕಿ ಸುಮ್ಮನಾಗುತ್ತಾರೆಯೇ? ಚನ್ನಗಿರಿ ಕಡೆಯ ಅಡಿಕೆ ವ್ಯಾಪಾರಿಯೊಬ್ಬರು ಹಟಕ್ಕೆ ಬಿದ್ದು ಎಲ್ಲವನ್ನೂ ಬರೆದರು ಅಂತ ಊಹಿಸಿ. ಅಂಗಡಿ ಲೆಕ್ಕ ಬರೆಯುವ ಕೈ, ಬಿಡುತ್ತದೆಯೇ? ಸ್ಟೀರಿಯೊ 25,000, ಎಲೆಕ್ಟ್ರಾನಿಕ್. ಅಲಾಯ್ 32,000, ನಾನ್-ಎಲೆಕ್ಟ್ರಿಕಲ್. ಗಣಪತಿ, ಲೈಟ್ ಹತ್ತುವುದು, 350, ಎಲೆಕ್ಟ್ರಿಕಲ್. ಗಣಪತಿ, ಲೈಟ್ ಹತ್ತದ್ದು, 200, ನಾನ್-ಎಲೆಕ್ಟ್ರಿಕಲ್. ಬಿಲ್ಲುಗಳನ್ನೆಲ್ಲ ಪಿನ್ ಹೊಡೆದು ಕೊಟ್ಟರು.

ಮರುದಿನವೇ ಏಜೆಂಟ್ ಫೋನು.

‘ಯಜಮಾನ್ರೇ, ಆಫೀಸಿನವರು ಗಾಬರಿ ಆಗ್ಯಾರೆ. ಇಷ್ಟೊಂದು ಯಾರೂ ಬರಿಯಲ್ವಂತೆ. ನಿಮ್ ಗಾಡೀಲಿ ಏನೋ ಇರ್ಬೇಕು, ಇನ್‌ಸ್ಪೆಕ್ಷನ್ ಮಾಡ್ಲೇಬೇಕು ಅಂತಿದಾರೆ. ನಾಳೆ ಬೆಳಿಗ್ಗೆ ತಗೊಂಡು ಬರ್ತೀರಾ?’