ಬುದ್ಧ ಎಲ್ಲಿ ಅಂತ ಕೇಳಿದವರಿಗೆ

ಕೋಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನಲ್ಲಿ ಭರ್ಹುತ್ ಶಿಲ್ಪಗಳ ಮುಂದೆ ನಿಂತಿದ್ದೆ. ಮಧ್ಯಪ್ರದೇಶದ ಭರ್ಹುತ್ ಅನ್ನೋ ಊರಿನ ಬೌದ್ಧ ಸ್ತೂಪದಿಂದ ತಂದ ಕಲ್ಲುಗಳು. ನಮ್ಮ ಕಡೆಯ ಟೂರ್ ಗುಂಪೊಂದು ಬಂತು. ಕನ್ನಡ ಕಿವಿಗೆ ಬಿದ್ದು ಖುಷಿಯಾದದ್ದು ಅರೆಗಳಿಗೆ ಅಷ್ಟೇ. "ಇದರಲ್ಲಿ ಬುದ್ಧನೇ ಇಲ್ವಲ್ರೀ, ಬನ್ನಿ, ಮಮ್ಮಿ ನೋಡೋಣ" ಅಂದರು ಒಬ್ಬರು. ಎಲ್ಲರೂ ಅತ್ತ ದೌಡು. ಈಜಿಪ್ಟಿನ ಹೆಣಕ್ಕಿರುವ ಮರ್ಯಾದೆ ಈ ಕಲ್ಲುಗಳಿಗಿಲ್ಲ!

ಬುದ್ಧ ಇಲ್ಲ, ನಿಜ. ಕ್ರಿ.ಪೂ. 2ನೇ ಶತಮಾನದ ಸುಮಾರಿಗೆ ಇದನ್ನು ಕೆತ್ತಿದವರು ಬುದ್ಧನನ್ನು ಮನುಷ್ಯರೂಪದಲ್ಲಿ ತೋರಿಸುತ್ತಿರಲಿಲ್ಲ. ಬೋಧಿವೃಕ್ಷ, ಚಕ್ರ, ಖಾಲಿ ಪೀಠ, ಹೆಜ್ಜೆಗುರುತು, ಅಷ್ಟೇ. ನಮಗೋ ಕಣ್ಣು ಮುಚ್ಚಿ ಕೂತ ಮುಖವೇ ಬೇಕು. (ನಮ್ಮ ಮನೆಯ ಟಿವಿ ಪಕ್ಕದಲ್ಲೂ ಅಂಥದ್ದೊಂದಿದೆ, ಫೈಬರಿನದು. ಆಫರ್ ಇತ್ತು. ನಗಬೇಡಿ.)

ಆದರೆ ಕಥೆ ಇದೆಯಲ್ಲ ಸ್ವಾಮಿ! ಜೇತವನದ ಫಲಕವನ್ನೇ ನೋಡಿ. ನೆಲದ ತುಂಬ ನಾಣ್ಯ ಹಾಸಿದರೆ ತೋಟ ನಿನ್ನದು ಅಂತ ರಾಜಕುಮಾರ ಜೇತ ಹೇಳಿದ. ವ್ಯಾಪಾರಿ ಅನಾಥಪಿಂಡಿಕ ಗಾಡಿಯಲ್ಲೇ ಹಣ ಹೇರಿಕೊಂಡು ಬಂದ. ಗಾಡಿಯ ನೊಗ ಕಳಚಿದೆ, ಎತ್ತುಗಳು ದಣಿವಾರಿಸಿಕೊಳ್ಳುತ್ತಿವೆ. ಕುಕ್ಕರಗಾಲಲ್ಲಿ ಕೂತವರು ಚೌಕ ನಾಣ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತಿದ್ದಾರೆ, ನಮ್ಮಲ್ಲಿ ಟೈಲ್ಸ್ ಹಾಕುವವರ ಹಾಗೆ. ನಡುವೆ ಅನಾಥಪಿಂಡಿಕ, ಕೈಯಲ್ಲಿ ಗಿಂಡಿ. ಕೊಂಡ ಜಾಗವನ್ನು ಆಗಲೇ ಬುದ್ಧನಿಗೆ, ಅವನ ಭಿಕ್ಷುಗಳಿಗೆ ಧಾರೆ ಎರೆದು ಕೊಡಲು ನಿಂತಿದ್ದಾನೆ. ಖರೀದಿ, ದಾನ ಎರಡೂ ಒಂದೇ ಚೌಕಟ್ಟಿನಲ್ಲಿ! ಕೆಳಗೆ ಆ ಕಾಲದ ಬ್ರಾಹ್ಮಿ ಲಿಪಿಯಲ್ಲಿ ಬರಹವೂ ಇದೆ: ಕೋಟಿ ಹಾಸಿ ಕೊಂಡ ಜೇತವನವನ್ನು ಅನಾಥಪಿಂಡಿಕ ಕೊಡುತ್ತಿದ್ದಾನೆ. ಕುಟಿಗಳ ಮೇಲೂ ಹೆಸರು. ಇನ್ನೆಷ್ಟು ಬಿಡಿಸಿ ಹೇಳಬೇಕು?

ಟೂರಿನವರು ಕೊಡೋದೇ ಅರ್ಧ ಗಂಟೆ, ಬ್ರಾಹ್ಮಿ ಯಾರಿಗೆ ಬರುತ್ತೆ ಅಂತೀರಿ. ನನಗೂ ಬರಲ್ಲ. ಎತ್ತು, ಗಾಡಿ, ದುಡ್ಡು ಗುರುತಿಸೋಕೆ ಬ್ರಾಹ್ಮಿ ಬೇಕಾ? ಸೈಟಿನ ರೇಟು ಮಾತ್ರ ಎಲ್ಲರಿಗೂ ಬಾಯಿಪಾಠ. ಭೂಮಿ ವ್ಯವಹಾರದ ಇಷ್ಟು ಹಳೆಯ ಚಿತ್ರ ಎದುರಿಗಿದ್ದರೂ ಕಾಣಲ್ಲ.

1873ರಲ್ಲಿ ಬ್ರಿಟಿಷ್ ಪುರಾತತ್ವಜ್ಞ ಕನ್ನಿಂಗ್‌ಹ್ಯಾಮ್ ಭರ್ಹುತ್‌ಗೆ ಹೋಗುವ ಹೊತ್ತಿಗೆ ಸ್ತೂಪದ ಬಹುಪಾಲು ಕಲ್ಲನ್ನು ಸುತ್ತಲಿನ ಹಳ್ಳಿಯವರು ಮನೆ ಕಟ್ಟಲು ಹೊತ್ತೊಯ್ದಿದ್ದರು. ಅವರಾದರೂ ಕಲ್ಲನ್ನು ಕೆಲಸಕ್ಕೆ ಹಚ್ಚಿದರು ಬಿಡಿ!

ಅಷ್ಟು ದೂರ ಯಾಕೆ, ನಮ್ಮ ಕಲಬುರಗಿ ಜಿಲ್ಲೆಯ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲೂ ಹೀಗೇ ಹೆಸರು ಬರೆದ ಶಿಲ್ಪಗಳಿವೆ. ಒಂದರಲ್ಲಿ ಅಶೋಕನಿದ್ದಾನೆ, ಹೆಸರಿನ ಸಮೇತ. ಅದೂ ಅವನು ಸತ್ತು ಎಷ್ಟೋ ಕಾಲದ ಮೇಲೆ, ಶಾತವಾಹನರ ಕಾಲದಲ್ಲಿ ಕೆತ್ತಿದ್ದು. ಅವನ ನಿಜವಾದ ಮುಖವೇ ಸಿಕ್ಕಿತು ಅನ್ನೋ ಹಾಗೆ ಅದೊಂದೇ ಚಪ್ಪಡಿಯ ಫೋಟೋ ವಾಟ್ಸಾಪಿನಲ್ಲಿ ಸುತ್ತುತ್ತದೆ. ಅಲ್ಲಿನ ಜಾತಕ ಕಥೆಯ, ಅಂದರೆ ಬುದ್ಧನ ಹಿಂದಿನ ಜನ್ಮದ ಕಥೆಯ, ಒಂದು ಕಲ್ಲಿನ ಫೋಟೋ ಯಾರಾದರೂ ಕಳಿಸಿದ್ದಾರಾ? ನನಗಂತೂ ಬಂದಿಲ್ಲ.